ಪೀಠದ ಮುಂದೆ ಒಂದೇ ಸಾಲು, ತಾಲ್ಲೂಕು ಕಚೇರಿಯಲ್ಲಿ ಬೇರೆ ಸಾಲು!

ಕೊಳ್ಳೇಗಾಲ: ಅಗರ, ಮಾಂಬಳ್ಳಿ, ಯಳಂದೂರು ಕಡೆಯಿಂದ ಕೊಳ್ಳೇಗಾಲಕ್ಕೆ ಬಂದು ಹನೂರು ಬಸ್ಸು ಹಿಡಿಯುವವರಿಗೆ ಕಾಮಗೆರೆ ಹೊಸ ಹೆಸರಲ್ಲ. ಅಲ್ಲಿನ ಹೋಲಿ ಕ್ರಾಸ್ ಆಸ್ಪತ್ರೆ ಗೊತ್ತಿಲ್ಲದ ಮನೆ ಈ ಸೀಮೆಯಲ್ಲಿ ಕಮ್ಮಿ. ಹನೂರು ದಾಟಿ ತಮಿಳುನಾಡು ಗಡಿ ಕಡೆ ಹೋದರೆ ಮಾರ್ಟಳ್ಳಿ ಸಿಗುತ್ತದೆ. ತಮಿಳು ಮಾತಿನ ಕ್ಯಾಥೊಲಿಕ್ ಕ್ರೈಸ್ತರಿಂದ ಹೆಸರಾದ ಊರು ಅದು. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವವರು, ಅಂಗಡಿಗೆ ದಿನಾ ಬಂದು ಸಕ್ಕರೆ ಸೀಮೆಎಣ್ಣೆ ಕೊಂಡವರು ಇವರೇ. ಆದರೂ ಇವರ ಬಗ್ಗೆ ಊರಿಗೆ ಗೊತ್ತಿರುವುದೆಷ್ಟು?

ಕಟ್ಟೆ ಮೇಲೆ ಕೂತವರನ್ನು ಕೇಳಿದರೆ ಸಿಗೋದು ಮೂರು ಮಾತು. ‘ಇಂಗ್ಲಿಷರ ಕಾಲದಲ್ಲಿ ಆದೋರು’ ಅನ್ನೋದು ಒಂದು. ‘ಪಾದ್ರಿಗಳೆಲ್ಲ ಒಂದೇ’ ಅನ್ನೋದು ಎರಡು. ‘ಅವರಿಗೇನಪ್ಪ, ಎಲ್ಲಾ ಚರ್ಚಿನೋರೇ ನೋಡ್ಕೋತಾರೆ’ ಅನ್ನೋದು ಮೂರು. ಮೂರೂ ಅರ್ಧಂಬರ್ಧ ಮಾತು.

ಅಸಲಿಗೆ ಒಬ್ಬ ಕ್ಯಾಥೊಲಿಕನ ಬಾಳು ಎರಡು ಪುಸ್ತಕದಲ್ಲಿ ನಡೆಯುತ್ತದೆ. ಒಂದು ಚರ್ಚಿನ ಪುಸ್ತಕ, ಇನ್ನೊಂದು ಸರ್ಕಾರದ ಪುಸ್ತಕ. ಮೊದಲನೆಯದರಲ್ಲಿ ಹೆಸರು ಬಿದ್ದರೆ ಪ್ರಪಂಚದಾದ್ಯಂತ ಹರಡಿದ ಒಂದು ದೊಡ್ಡ ಮನೆತನಕ್ಕೆ ಸೇರಿದ ಹಾಗೆ. ಅದೇ ಹೆಸರು ದಲಿತನದಾಗಿದ್ದರೆ ಎರಡನೇ ಪುಸ್ತಕದಲ್ಲಿ ಒಂದು ಗೆರೆ ಹೊಡೆದು ಹೋಗುತ್ತದೆ. ಈ ಲೆಕ್ಕ ಅರ್ಥವಾಗಬೇಕಾದರೆ ಮೊದಲು ಆ ಮನೆತನ ಯಾವುದು, ಅದು ಹೇಗೆ ನಡೆಯುತ್ತದೆ ಅಂತ ತಿಳಿಯಬೇಕು.

ಪಾದ್ರಿಗಳೆಲ್ಲ ಒಂದೇ ಅಲ್ಲ

ಕ್ರೈಸ್ತರಲ್ಲಿ ಪಂಗಡ ಬಹಳ. ರೋಮಿನ ಪೋಪರನ್ನು ಭೂಮಿಯ ಮೇಲಿನ ಮುಖ್ಯಸ್ಥರೆಂದು ಒಪ್ಪುವವರು ಕ್ಯಾಥೊಲಿಕರು. ಸಿ.ಎಸ್.ಐ. ಅಂತ ಬೋರ್ಡು ಹಾಕಿರುವುದು ದಕ್ಷಿಣ ಭಾರತ ಸಭೆ. ಹಲವು ಪ್ರಾಟೆಸ್ಟಂಟ್ ಸಭೆಗಳು ಒಟ್ಟುಗೂಡಿ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿದ್ದು ಅದು. ಅವರ ಪಾದ್ರಿಗಳು ಮದುವೆಯಾಗಿ ಸಂಸಾರ ಮಾಡಬಹುದು, ಹೆಂಗಸರೂ ಪಾದ್ರಿಗಳಾಗಬಹುದು. ಕ್ಯಾಥೊಲಿಕರಲ್ಲಿ ಗುರುಗಳು ಬ್ರಹ್ಮಚಾರಿಗಳು, ಗಂಡಸರೇ ಆಗಬೇಕು. ಇನ್ನು ಬಾಡಿಗೆ ಹಾಲಿನಲ್ಲಿ ಮೈಕು ಕಟ್ಟಿ ಚಪ್ಪಾಳೆ ತಟ್ಟುತ್ತಾ ಪ್ರಾರ್ಥನೆ ಮಾಡುವವರು ಹೆಚ್ಚಾಗಿ ಪೆಂತೆಕೊಸ್ತ್ ಪಂಗಡದವರು. ಅವರಿಗೆ ಪೋಪೂ ಇಲ್ಲ, ಪ್ರತಿಮೆಯೂ ಇಲ್ಲ. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರನ್ನು ಕೇಳುವುದು ಪಕ್ಕದ ಅಂಗಡಿ ಬಾಕಿಗೆ ನಿಮ್ಮ ಅಂಗಡಿಗೆ ಬೀಗ ಹಾಕಿದ ಹಾಗೆ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಎಲ್ಲ ಪಂಗಡದ ಕ್ರೈಸ್ತರೂ ಸೇರಿ ಸುಮಾರು 11 ಲಕ್ಷ 43 ಸಾವಿರ, ಅಂದರೆ ನೂರಕ್ಕೆ ಎರಡಕ್ಕೂ ಕಮ್ಮಿ.

ಹಳೇ ಒಕ್ಕಲು

‘ಇಂಗ್ಲಿಷರ ಕಾಲದಲ್ಲಿ ಆದೋರು’ ಅನ್ನುವ ಮಾತಿಗೆ ಬರೋಣ. ಮೈಸೂರು ಸೀಮೆಗೆ ಕ್ಯಾಥೊಲಿಕ್ ಧರ್ಮ ಬಂದಾಗ ಇಂಗ್ಲಿಷರಿಗೆ ಇಲ್ಲಿ ಒಂದು ಗುಂಟೆ ಜಾಗವೂ ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲ. ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿ ದೇಶದ ಯೇಸುಸಭೆಯ ಗುರು 1649ರ ಸುಮಾರಿಗೆ ಅಲ್ಲಿ ನೆಲೆ ನಿಂತರು. ಮಧುರೆಯಲ್ಲಿ ರಾಬರ್ಟ್ ದೆ ನೊಬಿಲಿ ಹಾಕಿಕೊಟ್ಟ ದಾರಿ ಹಿಡಿದು ಕಾವಿ ಉಟ್ಟರು, ಮಾಂಸ ಬಿಟ್ಟರು, ಕನ್ನಡ ಕಲಿತರು. ಅಲ್ಲಿಂದ ಕೆಳಗೆ ಸತ್ಯಮಂಗಲದ ಕಡೆಗೂ ಅವರ ಕೆಲಸ ಹಬ್ಬಿತು. ಕೊಳ್ಳೇಗಾಲ ಸೀಮೆ ಇರುವುದು ಈ ಎರಡರ ನಡುವೆ.

1773ರಲ್ಲಿ ಪೋಪರೇ ಯೇಸುಸಭೆಯನ್ನು ಬರ್ಖಾಸ್ತು ಮಾಡಿದರು. ಅವರ ಜಾಗಕ್ಕೆ ಪ್ಯಾರಿಸ್ಸಿನ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು ಬಂದರು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಮೈಸೂರು ಸೀಮೆಗೆ ಬಂದ ಅಬ್ಬೆ ದುಬಾಯ್ ಅವರಲ್ಲಿ ಹೆಸರಾದವರು. ಪೇಟ ಸುತ್ತಿ, ಈ ನಾಡಿನ ಉಡುಪು ಉಟ್ಟು ಓಡಾಡುತ್ತಿದ್ದ ಇವರನ್ನು ಜನ ‘ದೊಡ್ಡಸ್ವಾಮಿಯೋರು’ ಅಂತ ಕರೆದರು. ಸಿಡುಬಿನ ಲಸಿಕೆ ಹೊಸದಾಗಿ ಬಂದಿದ್ದ 1803-04ರಲ್ಲಿ ಇವರ ಮುಂದಾಳತ್ವದಲ್ಲಿ 25,432 ಮಂದಿಗೆ ಲಸಿಕೆ ಹಾಕಲಾಯಿತೆಂದು ದಾಖಲೆಯಿದೆ. ಇಷ್ಟೆಲ್ಲ ಮಾಡಿದ ದುಬಾಯ್ 1823ರಲ್ಲಿ ಊರಿಗೆ ವಾಪಸು ಹೊರಟಾಗ ಹೇಳಿದ್ದೇನು ಗೊತ್ತೇ? ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಮಾತು ಅಂತ!

ಕೊಳ್ಳೇಗಾಲ 1956ರ ಅಕ್ಟೋಬರ್ ಕೊನೆವರೆಗೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರ ಆಗಸ್ಟ್ 15ರಂದು ಚಾಮರಾಜನಗರ ಜಿಲ್ಲೆಯಾಯಿತು. ಗಡಿ ಗೆರೆ ಹೀಗೆ ಓಡಾಡಿದ್ದರಿಂದಲೇ ಈ ಸೀಮೆಯ ಕ್ಯಾಥೊಲಿಕರಲ್ಲಿ ಕನ್ನಡದವರೂ ಇದ್ದಾರೆ, ತಮಿಳಿನವರೂ ಇದ್ದಾರೆ.

ಪೀಟರ್ ರಾಯಪ್ಪನಾದ ಕಥೆ

ಹೆಸರುಗಳನ್ನೇ ನೋಡಿ. ಚರ್ಚಿನ ಹಳೇ ಹೆಸರು ಅಂದರೆ ಜಾನು, ಪೀಟರು ಅಂತ ಅಂದುಕೊಳ್ಳುವವರು ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಇನ್ನಾಸಪ್ಪ, ಚೌರಪ್ಪ ಅನ್ನುವ ಹೆಸರು ಕೇಳಿರಬೇಕಲ್ಲ? ರಾಯಪ್ಪ ಅಂದರೆ ಪೀಟರ್, ಬಂಡೆಗಲ್ಲು ಅನ್ನುವ ಅರ್ಥದ ಹೆಸರು. ಚಿನ್ನಪ್ಪ ಅಂದರೆ ಪೌಲ, ಅಂದರೆ ಚಿಕ್ಕವನು. ಅರುಳಪ್ಪ ಅಂದರೆ ಯೊವಾನ್ನ, ಕೃಪೆ ಪಡೆದವನು. ಇನ್ನಾಸಪ್ಪ ಇಗ್ನೇಷಿಯಸ್, ಚೌರಪ್ಪ ಕ್ಸೇವಿಯರ್. ಹೆಂಗಸರಲ್ಲಿ ಆರೋಗ್ಯಮ್ಮ ಅಂದರೆ ವೇಲಾಂಕಣಿಯ ಆರೋಗ್ಯ ಮಾತೆಯ ಹೆಸರು, ಲೂರ್ದಮ್ಮ ಅಂದರೆ ಫ್ರಾನ್ಸಿನ ಲೂರ್ದು ಮಾತೆಯ ಹೆಸರು. ಹೊರಗಿನ ಹೆಸರು ಇಲ್ಲಿನ ಬಾಯಲ್ಲಿ ತಿರುಗಿ ತಿರುಗಿ ಇಲ್ಲಿನದೇ ಆಗಿ ಎಷ್ಟೋ ತಲೆಮಾರು ಕಳೆದಿದೆ.

ನಂಬಿಕೆ ಏನು?

ದೇವರು ಒಬ್ಬನೇ, ಆದರೆ ಪಿತ, ಸುತ, ಪವಿತ್ರಾತ್ಮ ಎಂದು ಮೂವರಾಗಿದ್ದಾನೆ. ಸುತನಾದ ಯೇಸು ಮನುಷ್ಯನಾಗಿ ಹುಟ್ಟಿ, ಶಿಲುಬೆಯ ಮೇಲೆ ಸತ್ತು, ಮೂರನೇ ದಿನ ಎದ್ದ. ಇದು ಎಲ್ಲ ಕ್ರೈಸ್ತರಿಗೂ ಬುಡ. ಕ್ಯಾಥೊಲಿಕರಲ್ಲಿ ಇದರ ಜೊತೆಗೆ ಮಾತೆ ಮರಿಯಮ್ಮನಿಗೂ ಸಂತರಿಗೂ ವಿಶೇಷ ಗೌರವ. ಅವರು ದೇವರಲ್ಲ, ದೇವರ ಹತ್ತಿರ ನಮ್ಮ ಪರವಾಗಿ ಬೇಡುವವರು ಅನ್ನುವುದು ಲೆಕ್ಕ.

ಹುಟ್ಟಿನಿಂದ ಸಾವಿನವರೆಗೆ ಏಳು ಸಂಸ್ಕಾರ. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ, ವಿವಾಹ. ಇದರಲ್ಲಿ ಗುರುದೀಕ್ಷೆ ಮತ್ತು ಮದುವೆ ಸಾಮಾನ್ಯವಾಗಿ ಒಬ್ಬರಿಗೇ ಎರಡೂ ಇಲ್ಲ. ಸ್ವಾಮಿಯೋರಾದರೆ ಸಂಸಾರವಿಲ್ಲ, ಸಂಸಾರಿಯಾದರೆ ಪೀಠವಿಲ್ಲ.

ಭಾನುವಾರದ ಪೂಜೆ ತಪ್ಪಿಸಬಾರದು. ಆ ಪೂಜೆಯಲ್ಲಿ ಕೊಡುವ ಗೋಧಿಯ ತೆಳು ಅಪ್ಪವೇ ಪರಮಪ್ರಸಾದ. ಅದು ಬರೀ ನೆನಪಿನ ಗುರುತಲ್ಲ, ಸಾಕ್ಷಾತ್ ಕ್ರಿಸ್ತನ ಶರೀರ ಎಂದು ಕ್ಯಾಥೊಲಿಕರು ನಂಬುತ್ತಾರೆ. ಅದನ್ನು ಪಡೆಯಲು ಪೀಠದ ಮುಂದೆ ಸಾಲು ನಿಲ್ಲುತ್ತಾರೆ. ತೋಟದ ಧಣಿಯೂ ಅದೇ ಸಾಲು, ತೋಟದ ಆಳೂ ಅದೇ ಸಾಲು. ಈ ಸಾಲಿನ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟಿರಿ.

1960ರ ದಶಕದ ಮಧ್ಯದವರೆಗೂ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಸ್ವಾಮಿಯೋರು ಜನರಿಗೆ ಬೆನ್ನು ಮಾಡಿ ಪೀಠದ ಕಡೆ ತಿರುಗಿ ಮಂತ್ರ ಹೇಳುತ್ತಿದ್ದರು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ಬದಲಾಯಿಸಿತು. ಸ್ವಾಮಿಯೋರು ಜನರ ಕಡೆ ತಿರುಗಿದರು, ಪೂಜೆ ಜನರ ಭಾಷೆಗೆ ಬಂತು. ಜನರ ಭಾಷೆ ಯಾವುದು ಅನ್ನುವ ಪ್ರಶ್ನೆಯೂ ಅದರ ಹಿಂದೆಯೇ ಬಂತು. ಬೆಂಗಳೂರಿನಲ್ಲಿ ಕನ್ನಡವೋ ತಮಿಳೋ ಅಂತ ಚರ್ಚುಗಳೊಳಗೇ ದೊಡ್ಡ ಜಗಳವಾಗಿ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದುಂಟು.

ಯಜಮಾನಿಕೆ ಹೇಗೆ?

ಸರ್ಕಾರದ ಕಂದಾಯ ಇಲಾಖೆಯಂತೆಯೇ ಇಲ್ಲಿಯೂ ಮೆಟ್ಟಿಲುಗಳಿವೆ. ತುದಿಯಲ್ಲಿ ಪೋಪು. ಅವರ ಕೆಳಗೆ ಒಂದೊಂದು ಧರ್ಮಪ್ರಾಂತಕ್ಕೆ ಒಬ್ಬ ಬಿಷಪ್ಪು, ಅಂದರೆ ಧರ್ಮಾಧ್ಯಕ್ಷರು. ಧರ್ಮಪ್ರಾಂತದ ಕೆಳಗೆ ಧರ್ಮಕೇಂದ್ರಗಳು. ದೊಡ್ಡ ಧರ್ಮಕೇಂದ್ರಕ್ಕೆ ಸುತ್ತಲ ಹಳ್ಳಿಗಳಲ್ಲಿ ಉಪಕೇಂದ್ರಗಳು. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳು ಸೇರಿ ಮೈಸೂರು ಧರ್ಮಪ್ರಾಂತ. ಇದರ ಮುಖ್ಯ ದೇವಾಲಯ ಮೈಸೂರಿನ ಸಂತ ಫಿಲೋಮಿನಾ ಚರ್ಚು. 1933ರ ಅಕ್ಟೋಬರ್ 28ರಂದು ಅದಕ್ಕೆ ಅಸ್ತಿಭಾರ ಕಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು.

ಬಿಷಪ್ಪರನ್ನು ನೇಮಿಸುವುದು ರೋಮು. ಓಟಿಲ್ಲ, ಪ್ರಚಾರವಿಲ್ಲ. ವಯಸ್ಸು 75 ತುಂಬಿದರೆ ರಾಜೀನಾಮೆ ಕಳಿಸಬೇಕು. ಹಳ್ಳಿಯ ಸ್ವಾಮಿಯೋರನ್ನು ನೇಮಿಸುವುದು, ವರ್ಗ ಮಾಡುವುದು ಬಿಷಪ್ಪರು. ಒಂದೂರಲ್ಲಿ ಬೇರು ಬಿಡುವ ಮುಂಚೆ ಇನ್ನೊಂದೂರಿಗೆ ಹೊರಡಬೇಕು. ಮೇಷ್ಟರ ಹಾಗೆ, ಪೊಲೀಸ್ ಸಬ್‌ಇನ್ಸ್‌ಪೆಕ್ಟರ ಹಾಗೆ.

1983ರ ಚರ್ಚು ಕಾನೂನಿನ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ ಒಂದು ಹಣಕಾಸು ಸಮಿತಿ ಇರಲೇಬೇಕು. ಅದರಲ್ಲಿ ಊರ ಜನ ಇರುತ್ತಾರೆ. ಅದರ ಜೊತೆಗೆ ಪಾಲನಾ ಸಮಿತಿ ಅಂತ ಇನ್ನೊಂದು. ಆದರೆ ಸಮಿತಿಯವರ ಮಾತು ಸಲಹೆ ಮಾತ್ರ, ಕೊನೇ ಮಾತು ಸ್ವಾಮಿಯೋರದೇ. ಇದು ಕೆಲವು ಊರುಗಳಲ್ಲಿ ಅನುಕೂಲ, ಕೆಲವು ಊರುಗಳಲ್ಲಿ ಗುದ್ದಾಟ.

ದಿನದ ಕೆಲಸ ನಿಂತಿರುವುದು ಮಾತ್ರ ಊರ ಜನರ ಮೇಲೆ. ಸ್ವಾಮಿಯೋರು ತಿಂಗಳಿಗೊಮ್ಮೆ ಬರುವ ಹಳ್ಳಿಗಳಲ್ಲಿ ಮಕ್ಕಳಿಗೆ ಜಪ ಕಲಿಸುವುದು, ಹೆಣದ ಮನೆಗೆ ಹೋಗಿ ಪ್ರಾರ್ಥನೆ ಹೇಳಿಸುವುದು ಉಪದೇಶಿಗಳ ಕೆಲಸ. ಬಡವರ ಅಕ್ಕಿ, ಔಷಧಿ, ಫೀಜು ನೋಡಿಕೊಳ್ಳಲು ವಿನ್ಸೆಂಟ್ ದೆ ಪೌಲ್ ಸಭೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಕಾಲೇಜು ಹುಡುಗರು ಕಟ್ಟಿದ ಈ ಸಭೆಯ ಶಾಖೆಗಳು ಜಗತ್ತಿನ ಎಲ್ಲ ಕಡೆ ಇವೆ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿ ಬರುವುದು ಮರಿಯ ಸೇನೆಯ ಕೆಲಸ. ಇವರಾರಿಗೂ ಸಂಬಳವಿಲ್ಲ.

ಅಂಗಡಿ ಗಲ್ಲಾ ಹೇಳುವ ಪಂಚಾಂಗ

ಇವರ ವರ್ಷದ ಲೆಕ್ಕ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಡಿಸೆಂಬರ್ ಬಂದರೆ ಕಾಗದದ ನಕ್ಷತ್ರ, ಬಣ್ಣದ ಬಲ್ಬು, ಗೋದಲಿಗೆ ಬೊಂಬೆ, ಮಕ್ಕಳಿಗೆ ಹೊಸ ಬಟ್ಟೆ. ಫೆಬ್ರವರಿ ಮಾರ್ಚಿನಲ್ಲಿ ವಿಭೂತಿ ಬುಧವಾರ ಬಂತೆಂದರೆ ಮಾಂಸದ ಅಂಗಡಿಯವರ ಮುಖ ಸಣ್ಣಗಾಗುತ್ತದೆ. ಅಂದು ಹಣೆಗೆ ಬೂದಿ ಇಡಿಸಿಕೊಂಡು 40 ದಿನದ ತಪಸ್ಸುಕಾಲ ಶುರು. ಆ ಶುಕ್ರವಾರಗಳಲ್ಲಿ ಮಾಂಸವಿಲ್ಲ, ಸಂಜೆ ಶಿಲುಬೆ ಹಾದಿ. ಅನೇಕ ಮನೆಗಳಲ್ಲಿ ಆ ದಿನಗಳಲ್ಲಿ ಮದುವೆಯೂ ಇಲ್ಲ. ಗರಿಗಳ ಭಾನುವಾರ, ಶುಭ ಶುಕ್ರವಾರ ಕಳೆದು ಪಾಸ್ಕ ಹಬ್ಬ ಬಂದ ಮೇಲೆ ಮತ್ತೆ ಮಾಂಸದ ಅಂಗಡಿಗೆ ಕಳೆ.

ನವೆಂಬರ್ 2ರಂದು ಸತ್ತವರ ಹಬ್ಬ. ಸಮಾಧಿಗಳನ್ನು ತೊಳೆದು, ಸುಣ್ಣ ಬಳಿದು, ಹೂ ಹಾಕಿ ಮೇಣದ ಬತ್ತಿ ಹಚ್ಚುತ್ತಾರೆ. ಹೂವಿನವರಿಗೂ ಮೇಣದ ಬತ್ತಿಯವರಿಗೂ ಅಂದು ಕೈತುಂಬ ವ್ಯಾಪಾರ.

ಊರ ಹಬ್ಬ ಅಂದರೆ ಆ ಚರ್ಚಿನ ಪಾಲಕ ಸಂತರ ಹಬ್ಬ. ಬಾವುಟ ಏರಿಸಿ, ಒಂಬತ್ತು ದಿನ ನವೇನ ಪ್ರಾರ್ಥನೆ ನಡೆಸಿ, ಕೊನೇ ದಿನ ದೀಪ ಕಟ್ಟಿದ ತೇರು ಎಳೆಯುತ್ತಾರೆ. ನೋಡಲು ಊರೆಲ್ಲ ಬರುತ್ತದೆ. ಹರಕೆಗೆ ಜಾತಿ ಧರ್ಮ ಇಲ್ಲ ಅನ್ನುವುದಕ್ಕೆ ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯೇ ಸಾಕ್ಷಿ. ಹೊಲ ಉಳುವ ರೈತನಿಗೆ ಸಂತ ಅಂತೋಣಿಯವರ ಮರದ ಪ್ರತಿಮೆ ಸಿಕ್ಕಿತೆಂಬ ಕಥೆ ಅಲ್ಲಿನದು. ಜೂನ್ 13ರ ಹಬ್ಬಕ್ಕೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. 2019ರಲ್ಲಿ ರೋಮು ಅದಕ್ಕೆ ಬಸಿಲಿಕ ಎಂಬ ಪದವಿ ಕೊಟ್ಟಿತು.

ಚರ್ಚಿನ ಕೆಲಸ ಚರ್ಚಿನವರಿಗಷ್ಟೇ ಅಲ್ಲ. 2018ರ ಡಿಸೆಂಬರ್ 14ನ್ನು ಹನೂರು ಸೀಮೆ ಮರೆಯುವಂತಿಲ್ಲ. ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ಸತ್ತರು. ಅಂದು ವಾಂತಿ ಮಾಡಿಕೊಳ್ಳುತ್ತಾ ಬಿದ್ದವರಲ್ಲಿ ಅನೇಕರನ್ನು ಮೈಸೂರಿಗೆ ಸಾಗಿಸುವ ಮುಂಚೆ ಹೊತ್ತು ತಂದದ್ದು ಕಾಮಗೆರೆ ಮತ್ತು ಕೊಳ್ಳೇಗಾಲದ ಆಸ್ಪತ್ರೆಗಳಿಗೆ. ಮಾರಮ್ಮನ ಭಕ್ತರಿಗೆ ಹೋಲಿ ಕ್ರಾಸ್ ಸಿಸ್ಟರುಗಳ ಆಸ್ಪತ್ರೆಯ ಮಂಚ. ಯಾವ ದೇವರ ಒಕ್ಕಲು ಅಂತ ಕೇಳಿಕೊಂಡು ಕೂರುವ ಹೊತ್ತಲ್ಲ ಅದು.

ಸಾಲು ನಿಜವಾಗಿ ಒಂದೇನಾ?

ಈಗ ಆ ಪೀಠದ ಮುಂದಿನ ಸಾಲಿಗೆ ಬರೋಣ. ದೇವರ ಮುಂದೆ ಎಲ್ಲರೂ ಒಂದೇ ಅನ್ನುವುದು ಬೋಧನೆ. ನಡೆದದ್ದು ಹಾಗೆಯೇ ಇಲ್ಲ. 17ನೇ ಶತಮಾನದ ಮಧುರೆ ಮಿಷನ್ನಿನಲ್ಲೇ ಮೇಲಿನ ಜಾತಿಯವರಿಗೆ ಬ್ರಾಹ್ಮಣ ಸನ್ಯಾಸಿಯಂತಿದ್ದ ಗುರುಗಳು, ಉಳಿದವರ ನಡುವೆ ಓಡಾಡಲು ‘ಪಂಡಾರಸ್ವಾಮಿ’ಗಳು ಅಂತ ಎರಡು ಬಗೆಯ ಗುರುಗಳಿದ್ದರು. ಒಂದೇ ಯೇಸು, ಎರಡು ಜಗಲಿ! ತಮಿಳುನಾಡಿನ ಹಲವು ಊರುಗಳಲ್ಲಿ ಚರ್ಚಿನೊಳಗೆ ಬೇರೆ ಬೇರೆ ಜಾಗ, ಸತ್ತ ಮೇಲೆ ಬೇರೆ ಬೇರೆ ಸ್ಮಶಾನ ಇದ್ದದ್ದು ಮುಚ್ಚಿಟ್ಟ ಸಂಗತಿಯಲ್ಲ. ತಿರುಚಿನಾಪಳ್ಳಿಯ ಒಂದು ಸ್ಮಶಾನದಲ್ಲಿ ದಲಿತರ ಹೆಣ ಬೇರೆ, ಉಳಿದವರ ಹೆಣ ಬೇರೆ ಎಂದು ನಡುವೆ ಎದ್ದ ಗೋಡೆಯ ವಿರುದ್ಧ ದಲಿತ ಕ್ರೈಸ್ತರೇ ಹೋರಾಟ ಮಾಡಬೇಕಾಯಿತು.

2003ರಲ್ಲಿ ತಮಿಳುನಾಡಿನ ಬಿಷಪ್ಪರುಗಳಿಗೆ ಎರಡನೇ ಜಾನ್ ಪಾಲ್ ಪೋಪರು ಜಾತಿ ಭೇದ ಬಿಡಿ ಎಂದು ನೇರವಾಗಿಯೇ ಹೇಳಿದರು. 2016ರ ಡಿಸೆಂಬರಿನಲ್ಲಿ ಭಾರತದ ಬಿಷಪ್ಪರ ಮಂಡಳಿ ದಲಿತರ ಏಳಿಗೆಗೆಂದೇ ಒಂದು ನೀತಿ ಹೊರಡಿಸಿ, ಚರ್ಚಿನೊಳಗೂ ಅಸ್ಪೃಶ್ಯತೆ ಉಳಿದಿದೆ ಎಂದು ಒಪ್ಪಿಕೊಂಡಿತು. 2022ರಲ್ಲಿ ಹೈದರಾಬಾದಿನ ಆರ್ಚ್‌ಬಿಷಪ್ ಆಂಟನಿ ಪೂಲ ಅವರು ದಲಿತರಲ್ಲಿ ಮೊದಲ ಕಾರ್ಡಿನಲ್ ಆದರು. ಮೊದಲನೆಯವರು ಬರುವುದಕ್ಕೆ 2022 ಆಗಬೇಕಾಯಿತು ಅನ್ನುವುದರಲ್ಲೇ ಉಳಿದ ಕಥೆಯೂ ಇದೆ.

ಕಚೇರಿಯ ಪುಸ್ತಕ

ಚರ್ಚಿನೊಳಗೆ ಜಾತಿ ಪೂರ್ತಿ ಬಿಟ್ಟು ಹೋಗಲಿಲ್ಲ. ಆದರೆ ತಾಲ್ಲೂಕು ಕಚೇರಿಯ ಪುಸ್ತಕದ ಪ್ರಕಾರ ಅದು ಬಿಟ್ಟು ಹೋಗಿದೆ! ತಕರಾರು ಇರುವುದೇ ಇಲ್ಲಿ.

1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರೆನಿಸಿಕೊಳ್ಳಲು ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರನ್ನೂ ಮುಸ್ಲಿಮರನ್ನೂ ಸೇರಿಸಲಿಲ್ಲ. ಪರಿಶಿಷ್ಟ ಪಂಗಡಕ್ಕೆ ಈ ಕಟ್ಟಿಲ್ಲ. ಅಂದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಕ್ರೈಸ್ತನಾದರೂ ಕಾಗದದಲ್ಲಿ ಸೋಲಿಗನೇ. ಬೆಟ್ಟದ ಕೆಳಗಿನ ದಲಿತ ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಇಲ್ಲ.

ಉದಾಹರಣೆಗೆ ಒಂದೇ ಮನೆಯ ಅಣ್ಣ ತಮ್ಮ ಅಂತ ಇಟ್ಟುಕೊಳ್ಳಿ. ಅಣ್ಣ ಹಿಂದೂವಾಗಿಯೇ ಉಳಿದ, ತಮ್ಮ ಜ್ಞಾನಸ್ನಾನ ಪಡೆದ. ಇಬ್ಬರೂ ಇರುವುದು ಒಂದೇ ಕೇರಿಯಲ್ಲಿ, ಕೂಲಿ ಒಂದೇ, ಊರವರು ಇಬ್ಬರನ್ನೂ ನೋಡುವ ಕಣ್ಣೂ ಒಂದೇ. ಅಣ್ಣನ ಮಗನಿಗೆ ಪರಿಶಿಷ್ಟ ಜಾತಿಯ ಸೀಟು, ಕೆಲಸ, ವಿದ್ಯಾರ್ಥಿವೇತನ. ತಮ್ಮನ ಮಗನಿಗೆ ಕರ್ನಾಟಕದಲ್ಲಿ ಸಿಗುವುದು ಪ್ರವರ್ಗ 1. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ರಾಜ್ಯ ಇಟ್ಟಿರುವುದು ಅಲ್ಲಿ. ಅದರ ಮೀಸಲು ನೂರಕ್ಕೆ 4, ಅದನ್ನೂ ಬೇರೆ ಎಷ್ಟೋ ಜಾತಿಗಳ ಜೊತೆ ಹಂಚಿಕೊಳ್ಳಬೇಕು. ಉಳಿದ ಕ್ರೈಸ್ತರು 3ಬಿ. ಯಾರಾದರೂ ತಮ್ಮನನ್ನು ಜಾತಿ ಹಿಡಿದು ಬೈದು ಹೊಡೆದರೆ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆ ಅಣ್ಣನಿಗಿರುವಂತೆ ಅವನಿಗಿಲ್ಲ.

ಚುನಾವಣೆ ನೋಡಿ. ಅಗರ, ಯಳಂದೂರು ಸೇರಿದ ಕೊಳ್ಳೇಗಾಲ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಚಾಮರಾಜನಗರ ಲೋಕಸಭಾ ಕ್ಷೇತ್ರವೂ ಮೀಸಲು. ತಮ್ಮ ಇಲ್ಲಿ ಓಟು ಹಾಕಬಹುದು, ನಿಲ್ಲುವಂತಿಲ್ಲ. ನಿಲ್ಲಲೇಬೇಕೆಂದರೆ ಪಕ್ಕದ ಹನೂರಿನಂಥ ಸಾಮಾನ್ಯ ಕ್ಷೇತ್ರಕ್ಕೆ ಹೋಗಿ ದೊಡ್ಡವರ ಜೊತೆ ಗುದ್ದಾಡಬೇಕು.

ಚಮ್ಮಾರನ ಪೆಟ್ಟಿಗೆ ಅಂಗಡಿ

ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ಒಂದು ಪೆಟ್ಟಿಗೆ ಅಂಗಡಿಯಿಂದ. ಮದರಾಸಿನ ಮೌಂಟ್ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬಾತ ಆದಿದ್ರಾವಿಡ ಜಾತಿಯವ, ಕ್ರೈಸ್ತನಾಗಿದ್ದ. ಸರ್ಕಾರ ರಸ್ತೆ ಬದಿಯ ಚಮ್ಮಾರರಿಗೆ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಡುವಾಗ ಅಕ್ಕಪಕ್ಕದ ಹಿಂದೂಗಳಿಗೆ ಸಿಕ್ಕಿತು, ಇವನಿಗೆ ಸಿಗಲಿಲ್ಲ. 1985ರಲ್ಲಿ ಕೋರ್ಟು ಹೇಳಿದ್ದು: ಮತಾಂತರದ ಮೇಲೂ ಅದೇ ಮಟ್ಟದ ಕಷ್ಟ ಮುಂದುವರಿದಿದೆ ಎಂಬುದಕ್ಕೆ ಸಾಕಷ್ಟು ಆಧಾರ ಒದಗಿಸಿಲ್ಲ. ಅರ್ಜಿ ವಜಾ.

ಆಧಾರ ಒದಗಿಸುವ ಕೆಲಸ ಅಂದಿನಿಂದ ನಡೆದೇ ಇದೆ. 2007ರಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ ಪರಿಶಿಷ್ಟ ಜಾತಿಗೂ ಧರ್ಮಕ್ಕೂ ಇರುವ ಗಂಟು ಬಿಚ್ಚಿ ಎಂದು ಶಿಫಾರಸು ಮಾಡಿತು. ಸರ್ಕಾರ ಗಂಟು ಬಿಚ್ಚಲಿಲ್ಲ. 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ನೇಮಕವಾಯಿತು.

ಇನ್ನೊಂದು ಕಡೆಯ ವಾದವನ್ನೂ ಕೇಳಬೇಕು. ಪರಿಶಿಷ್ಟ ಜಾತಿಯ ಮೀಸಲಾತಿ ಕೊಟ್ಟದ್ದೇ ಹಿಂದೂ ಸಮಾಜದ ಅಸ್ಪೃಶ್ಯತೆಗೆ ಪರಿಹಾರವಾಗಿ. ಜಾತಿ ಇಲ್ಲ ಎನ್ನುವ ಧರ್ಮಕ್ಕೆ ಹೋದ ಮೇಲೆ ಆ ಜಾತಿಯ ಪಾಲು ಕೇಳುವುದು ಹೇಗೆ ಅಂತ ಕೇಳುವವರಿದ್ದಾರೆ. ಮೊದಲೇ ಕಮ್ಮಿಯಾದ ತಟ್ಟೆಯ ಅನ್ನಕ್ಕೆ ಇನ್ನಷ್ಟು ಕೈ ಬಂದರೆ ನಮ್ಮ ಮಕ್ಕಳ ಗತಿ ಏನು ಎಂದು ಹೆದರುವ ದಲಿತರೂ ಇದ್ದಾರೆ. ಆ ಹೆದರಿಕೆ ಸುಳ್ಳಲ್ಲ.

2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಸಮೀಕ್ಷೆಗೆ ಹೊರಟಾಗ ಈ ಗಾಯ ಮತ್ತೆ ಬಾಯಿಬಿಟ್ಟಿತು. ಜಾತಿ ಹೆಸರಿನ ಜೊತೆಗೆ ‘ಕ್ರಿಶ್ಚಿಯನ್’ ಎಂದು ಸೇರಿಸಿದ ಹೆಸರುಗಳು ಪಟ್ಟಿಯಲ್ಲಿ ಕಂಡವು. ಗಲಾಟೆಯಾಯಿತು. ಆಯೋಗ ಆ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಹೆಸರು ಮರೆಯಾದರೆ ಜಾತಿ ಮರೆಯಾದೀತೇ?

ಎರಡು ಹೆಸರಿನ ಬಾಳು

ದಕ್ಷಿಣ ಭಾರತದ ಹಲವು ಕಡೆ ಜನ ಇದಕ್ಕೆ ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. ಚರ್ಚಿನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು. ಭಾನುವಾರ ಪೂಜೆ, ಸೋಮವಾರ ಕಚೇರಿಯಲ್ಲಿ ಹಿಂದೂ. ಹೊಟ್ಟೆಪಾಡಿನ ಈ ಜಾಣತನಕ್ಕೂ ಈಗ ಕುತ್ತು ಬಂದಿದೆ.

2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪುದುಚೇರಿಯ ಒಬ್ಬ ಮಹಿಳೆಯ ಅರ್ಜಿ ತಳ್ಳಿಹಾಕಿತು. ತಾನು ಹಿಂದೂ, ಗುಮಾಸ್ತೆ ಕೆಲಸಕ್ಕೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೊಡಿ ಅಂತ ಆಕೆ ಕೇಳಿದ್ದರು. ಆಕೆಯ ವಿರುದ್ಧ ನಿಂತ ಸಾಕ್ಷಿಗಳಲ್ಲಿ ಒಂದು ಯಾವುದು ಗೊತ್ತೇ? ಹುಟ್ಟಿದ ಎರಡು ತಿಂಗಳೊಳಗೆ ಆಕೆಗೆ ಜ್ಞಾನಸ್ನಾನವಾಗಿತ್ತು ಎಂಬ ಚರ್ಚಿನ ದಾಖಲೆ. ನಂಬಿಕೆ ಇಲ್ಲದೆ ಬರೀ ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ಮೋಸ ಅಂತ ಕೋರ್ಟು ಹೇಳಿತು. ಮರಳಿ ಹಿಂದೂವಾಗಿ, ಜಾತಿಯವರು ಒಪ್ಪಿಕೊಂಡರೆ ಪರಿಶಿಷ್ಟ ಜಾತಿ ಸ್ಥಾನ ಸಿಗಬಹುದು ಎಂದು 2015ರ ತೀರ್ಪೊಂದು ಹೇಳಿದೆ. ಆದರೆ ಅದಕ್ಕೆ ನಿಜವಾಗಿ ಚರ್ಚು ಬಿಡಬೇಕು.

ಚರ್ಚು ಕಾನೂನಿನಲ್ಲಿ ಜ್ಞಾನಸ್ನಾನದ ಪುಸ್ತಕ ಬಹಳ ಮುಖ್ಯ. ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು. ಮಗುವಿನ ಹೆಸರು, ತಂದೆ ತಾಯಿ, ಜ್ಞಾನ ತಂದೆ ತಾಯಿ, ತಾರೀಖು ಬರೆಯುತ್ತಾರೆ. ಆ ಮಗು ಬೆಳೆದು ಬೆಂಗಳೂರಿನಲ್ಲಿ ಮದುವೆಯಾದರೂ ಸುದ್ದಿ ಈ ಹಳ್ಳಿಯ ಪುಸ್ತಕಕ್ಕೆ ಬಂದು ಅದೇ ಹೆಸರಿನ ಮುಂದೆ ಸೇರುತ್ತದೆ. ಮದುವೆಗೆ ಮೊದಲು ಭಾನುವಾರದ ಪೂಜೆಯಲ್ಲಿ ಹೆಸರು ಕೂಗಿ ಅಡ್ಡಿ ಇದ್ದವರು ಹೇಳಿ ಅನ್ನುವ ರೂಢಿಯೂ ಇದೆ. ಯಾರು ನಮ್ಮವರು, ಯಾರ ಕಷ್ಟಕ್ಕೆ ನಾವು ಹೊಣೆ, ಯಾರ ಹೆಣಕ್ಕೆ ನಮ್ಮ ನೆಲ ಎಂದು ಹೇಳುವ ಪುಸ್ತಕ ಅದು. ಮಾರ್ಟಳ್ಳಿಯ ಮಗುವನ್ನೂ ರೋಮಿನ ಪೋಪನನ್ನೂ ಒಂದೇ ಸಾಲಿಗೆ ತರುವುದು ಅಂಥ ಒಂದು ಬರಹ.

ಅದೇ ಬರಹ ಕಚೇರಿಯ ಕಿಂಡಿಯಲ್ಲಿ ಆ ಮಗುವನ್ನು ಅಪ್ಪನ ಅಣ್ಣನ ಮಗನಿಂದ ಬೇರೆ ಸಾಲಿಗೆ ದೂಡುತ್ತದೆ. ಒಂದು ಪುಸ್ತಕ ಜಾತಿ ಹೋಯಿತು ಅನ್ನುತ್ತದೆ, ಕೇರಿ ಹೋಗಿಲ್ಲ ಅನ್ನುತ್ತದೆ. ಆಯೋಗಗಳು ಬಂದು ಹೋಗಿ ಆಗಿದೆ. ಚರ್ಚು ತನ್ನೊಳಗಿನ ಜಗಲಿಗಳನ್ನು ತಾನೇ ಒಡೆಯಬೇಕು. ಪಾರ್ಲಿಮೆಂಟು 1950ರ ಆದೇಶಕ್ಕೆ ಹೂಂ ಅಥವಾ ಉಹೂಂ ಅಂತ ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಈ ಸೀಮೆಯ ದಲಿತ ಕ್ರೈಸ್ತನ ಮಗ ಶಾಲೆ ಅರ್ಜಿಯಲ್ಲಿ ‘ಧರ್ಮ’ ಎಂಬ ಮನೆ ತುಂಬುವಾಗ ಪೆನ್ನು ಹಿಡಿದು ಒಂದು ಗಳಿಗೆ ಯೋಚನೆ ಮಾಡುವುದು ತಪ್ಪುವುದಿಲ್ಲ.